ಹಾರುವುದು ಅಗ್ಗ, ಏರಿ ಇಳಿಯುವುದು ದುಬಾರಿ

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಸಮೂಹದಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ದ್ವೀಪಗಳಿವೆ. ಅವುಗಳ ನಡುವಿನ ವಿಮಾನ ಮಾರ್ಗದ ಉದ್ದ ಬರೀ 2.7 ಕಿಲೋಮೀಟರ್. ದೊಡ್ಡ ನಿಲ್ದಾಣಗಳಲ್ಲಿ ರನ್‌ವೇಯೇ ಇದಕ್ಕಿಂತ ಉದ್ದವಿರುತ್ತದೆ. ಆದರೂ 1967ರಿಂದ ಲೋಗನ್‌ಏರ್ ಎಂಬ ಪ್ರಾದೇಶಿಕ ಸಂಸ್ಥೆ ಇಲ್ಲಿ ವೇಳಾಪಟ್ಟಿ ಹಾಕಿಕೊಂಡು ವಿಮಾನ ಹಾರಿಸುತ್ತಿದೆ. ಪಟ್ಟಿಯ ಪ್ರಕಾರ ಪ್ರಯಾಣಕ್ಕೆ ಎರಡು ನಿಮಿಷ. ಗಾಳಿ ಅನುಕೂಲವಾಗಿದ್ದ ಒಂದು ದಿನ ಪೈಲಟ್ ಒಬ್ಬರು 53 ಸೆಕೆಂಡಿನಲ್ಲಿ ಆಚೆ ದಡ ಮುಟ್ಟಿಸಿದ್ದು ದಾಖಲೆ. ವಿಮಾನ ಎಷ್ಟು ಚಿಕ್ಕದೆಂದರೆ ಪ್ರಯಾಣಿಕರಲ್ಲೊಬ್ಬರು ಪೈಲಟ್‌ ಪಕ್ಕದ ಸೀಟಿನಲ್ಲೇ ಕೂರಬಹುದು.

ಇದನ್ನು ಒಂದು ಮೋಜಿನ ಸಂಗತಿಯೆಂದು ಓದಿ ಮರೆಯುವವರೇ ಹೆಚ್ಚು. ಸಣ್ಣ ವಿಮಾನಯಾನ ಸಂಸ್ಥೆಗಳ ಲೆಕ್ಕಾಚಾರವೆಲ್ಲ ಈ ಎರಡು ನಿಮಿಷದಲ್ಲೇ ಅಡಗಿದೆ ಎಂದು ನನಗನ್ನಿಸುತ್ತದೆ. ಎರಡು ನಿಮಿಷದ ಹಾರಾಟಕ್ಕೂ ಬೆಳಿಗ್ಗೆ ತಂತ್ರಜ್ಞರು ವಿಮಾನವನ್ನು ಸುತ್ತಿ ನೋಡಿ ಸಹಿ ಹಾಕಬೇಕು. ಹವಾಮಾನ ವರದಿ ಬರಬೇಕು. ಪೈಲಟ್‌ನ ಪರವಾನಗಿ, ವೈದ್ಯಕೀಯ ತಪಾಸಣೆ ಚಾಲ್ತಿಯಲ್ಲಿರಬೇಕು. ಎರಡೂ ತುದಿಗಳಲ್ಲಿ ಅಗ್ನಿಶಾಮಕ ವ್ಯವಸ್ಥೆ ಬೇಕು, ವಿಮೆ ಬೇಕು. ಪ್ರಯಾಣ ಸಾವಿರಾರು ಕಿಲೋಮೀಟರಿನದಾಗಿದ್ದರೂ ಈ ಪಟ್ಟಿಯಲ್ಲಿ ಹೆಚ್ಚೇನೂ ಬದಲಾಗುತ್ತಿರಲಿಲ್ಲ. ಆಗ ಇಷ್ಟೂ ಖರ್ಚು ಸಾವಿರಾರು ಕಿಲೋಮೀಟರಿಗೆ ಹಂಚಿಹೋಗುತ್ತಿತ್ತು. ಇಲ್ಲಿ ಹಂಚಿಕೊಳ್ಳಲು ಇರುವುದು ಮೂರೇ ಕಿಲೋಮೀಟರ್.

ಪಕ್ಕದ ಊರಿಗೆ ಹೋಗುವ ಟಿಕೆಟ್ ದೂರದ ನಗರಕ್ಕೆ ಹೋಗುವ ಟಿಕೆಟ್‌ಗಿಂತ ದುಬಾರಿಯಾಗಿರುವುದನ್ನು ಕಂಡು ಸಿಡಿಮಿಡಿಗೊಂಡವರು ಬಹಳ. ಅದರ ಹಿಂದೆ ಸುಲಿಗೆಯೇ ಇರಬೇಕೆಂದಿಲ್ಲ. ವಿಮಾನವೊಂದು ಮೇಲೇರಿ ಸಮತಲದಲ್ಲಿ ಸಾಗುವಾಗ ಖರ್ಚು ಕಡಿಮೆ. ಹೆಚ್ಚಿನ ಇಂಧನ ಉರಿಯುವುದು ಏರುವಾಗ. ನೆಲದಲ್ಲಿಯೂ ಲೆಕ್ಕ ಓಡುತ್ತಲೇ ಇರುತ್ತದೆ. ಇಳಿದಿದ್ದಕ್ಕೆ ಶುಲ್ಕ, ನಿಂತಿದ್ದಕ್ಕೆ ಶುಲ್ಕ, ಸಾಮಾನು ಇಳಿಸಿ ಏರಿಸಿದವರಿಗೆ ಕೂಲಿ. ಚಕ್ರ ಮತ್ತು ಬ್ರೇಕುಗಳು ಸವೆಯುವುದು ಇಳಿದಾಗಲೇ ಹೊರತು ಹಾರುವಾಗ ಅಲ್ಲ. ಎಂಜಿನ್ನಿನೊಳಗೆ ತಿರುಗುವ ಮುಖ್ಯ ಬಿಲ್ಲೆಗಳಿಗೆ ಆಯುಷ್ಯ ನಿಗದಿಯಾಗಿರುತ್ತದೆ. ಅದನ್ನು ಎಣಿಸುವುದೂ ಗಂಟೆಗಳಲ್ಲಲ್ಲ, ಒಂದು ಬಾರಿ ಏರಿ ಇಳಿದರೆ ಒಂದು ಎಂಬಂತೆ. ಈ ಎಣಿಕೆಗೆ ವಿಮಾನಯಾನದವರು ‘ಸೈಕಲ್’ ಎನ್ನುತ್ತಾರೆ. ಪೈಲಟ್‌ಗಳ ದುಡಿಮೆಯ ಮಿತಿಯೂ ಹಾಗೆಯೇ: ದಿನದಲ್ಲಿ ಹೆಚ್ಚು ಬಾರಿ ಇಳಿಸಿದಷ್ಟೂ ಅವರು ದುಡಿಯಬಹುದಾದ ಒಟ್ಟು ಅವಧಿ ಕಡಿಮೆಯಾಗುತ್ತದೆ.

ಸೈಕಲ್ ಎಂದರೆ ಏನೆಂಬುದು ಜಗತ್ತಿಗೆ ಗೊತ್ತಾದದ್ದು ಒಂದು ಭೀಕರ ಮಧ್ಯಾಹ್ನ. 1988ರ ಏಪ್ರಿಲ್ 28ರಂದು ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನವೊಂದು ಹವಾಯಿಯ ಹಿಲೋದಿಂದ ಹೊನೊಲುಲುವಿಗೆ ಹೊರಟಿತ್ತು. ಸುಮಾರು 24,000 ಅಡಿ ಎತ್ತರದಲ್ಲಿ ಮುಂಭಾಗದ ಮೇಲ್ಛಾವಣಿ ಕಿತ್ತು ಹಾರಿಹೋಯಿತು. ಮುಂದಿನ ಸಾಲುಗಳಲ್ಲಿದ್ದವರ ತಲೆಯ ಮೇಲೆ ಬರೀ ಆಕಾಶ. ಪೈಲಟ್‌ಗಳು ಆ ಸ್ಥಿತಿಯಲ್ಲೇ ವಿಮಾನವನ್ನು ಮಾವಿ ದ್ವೀಪದಲ್ಲಿ ಇಳಿಸಿದರು. ಹೊರಗೆ ಸೆಳೆದುಹೋದ ಗಗನಸಖಿಯೊಬ್ಬರು ಸತ್ತರು, ಉಳಿದವರೆಲ್ಲ ಬದುಕಿದರು. ತನಿಖೆಯಲ್ಲಿ ಹೊರಬಂದ ಒಂದು ಸಂಖ್ಯೆ ಇಂದಿಗೂ ತರಬೇತಿ ತರಗತಿಗಳಲ್ಲಿ ಬರುತ್ತದೆ. ಆ ವಿಮಾನ ಹಾರಿದ್ದು ಸುಮಾರು 35,000 ಗಂಟೆ, ಏರಿ ಇಳಿದದ್ದು ಮಾತ್ರ 89,000ಕ್ಕೂ ಹೆಚ್ಚು ಬಾರಿ. ಅಂದರೆ ಒಂದೊಂದು ಹಾರಾಟ ಸರಾಸರಿ ಅರ್ಧ ಗಂಟೆಯೂ ಇರಲಿಲ್ಲ.

ವಿಮಾನ ಮೇಲೇರಿದಾಗಲೆಲ್ಲ ಒಳಗಿನ ಗಾಳಿಯ ಒತ್ತಡಕ್ಕೆ ಅದರ ಲೋಹದ ಮೈ ಬಲೂನಿನಂತೆ ಕೂದಲೆಳೆಯಷ್ಟು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ತಂತಿಯೊಂದನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ಕೊನೆಗೊಮ್ಮೆ ಮುರಿಯುವಂತೆ, ರಿವೆಟ್ಟುಗಳ ಸುತ್ತ ಬಿರುಕು ಬೆಳೆದಿತ್ತು. ಜೊತೆಗೆ ಸಮುದ್ರದ ಉಪ್ಪುಗಾಳಿಯ ತುಕ್ಕು. ಖಂಡಾಂತರ ಹಾರುವ ವಿಮಾನಕ್ಕೆ ದಿನಕ್ಕೆ ಒಂದೆರಡು ಸೈಕಲ್ ಆದರೆ, ದ್ವೀಪದಿಂದ ದ್ವೀಪಕ್ಕೆ ಜಿಗಿಯುವ ವಿಮಾನಕ್ಕೆ ಎಂಟು ಹತ್ತು. ವಯಸ್ಸು ಎರಡಕ್ಕೂ ಒಂದೇ ಇರಬಹುದು, ಮುಪ್ಪು ಬೇರೆ.

ಇಷ್ಟು ತಿಳಿದ ಮೇಲೆ ಸಣ್ಣ ಸಂಸ್ಥೆಗಳು ಪ್ರೊಪೆಲ್ಲರ್ ವಿಮಾನವನ್ನೇ ಏಕೆ ನೆಚ್ಚಿಕೊಂಡಿವೆ ಎಂಬುದು ಸುಲಭವಾಗಿ ಅರ್ಥವಾಗುತ್ತದೆ. ಪ್ರೊಪೆಲ್ಲರ್ ಕಂಡೊಡನೆ ‘ಹಳೇ ಕಾಲದ್ದು’ ಎಂದು ಮೂಗು ಮುರಿಯುವವರಿದ್ದಾರೆ. ಟರ್ಬೊಪ್ರಾಪ್ ಎಂಬ ಈ ಬಗೆಯ ಎಂಜಿನ್ನಿನ ಹೊಟ್ಟೆಯಲ್ಲಿರುವುದು ಜೆಟ್ ವಿಮಾನದಲ್ಲಿರುವಂಥ ಅನಿಲ ಟರ್ಬೈನೇ. ವ್ಯತ್ಯಾಸವಿಷ್ಟೇ: ಜೆಟ್ ಎಂಜಿನ್ ಗಾಳಿಯನ್ನು ರಭಸದಿಂದ ಹಿಂದಕ್ಕೆ ಉಗುಳಿ ಮುಂದೆ ಸಾಗುತ್ತದೆ. ಇದು ತನ್ನ ಶಕ್ತಿಯನ್ನು ಗೇರ್ ಪೆಟ್ಟಿಗೆಯ ಮೂಲಕ ದೊಡ್ಡ ಪ್ರೊಪೆಲ್ಲರಿಗೆ ಕೊಟ್ಟು, ಬಹಳಷ್ಟು ಗಾಳಿಯನ್ನು ನಿಧಾನವಾಗಿ ಹಿಂದಕ್ಕೆ ತಳ್ಳುತ್ತದೆ. ಕಡಿಮೆ ವೇಗದಲ್ಲಿ ಹೋಗುವವರಿಗೆ ಎರಡನೆಯ ದಾರಿಯೇ ಮಿತವ್ಯಯದ್ದು. ಅಷ್ಟೇ ಸೀಟುಗಳಿರುವ ಜೆಟ್‌ಗಿಂತ ಇಂಧನ ಎಷ್ಟೋ ಕಡಿಮೆ ಸಾಕು, ರನ್‌ವೇಯೂ ಚಿಕ್ಕದು ಸಾಕು.

ಹಾಗಾದರೆ ವೇಗ? ಲೆಕ್ಕ ಹಾಕಿಯೇ ನೋಡೋಣ. 300 ಕಿಲೋಮೀಟರ್ ದೂರವನ್ನು ಗಂಟೆಗೆ 500 ಕಿಲೋಮೀಟರಿನಂತೆ ಕ್ರಮಿಸಲು 36 ನಿಮಿಷ ಬೇಕು. ಜೆಟ್ ವೇಗವಾದ 830ರಲ್ಲಿ 22 ನಿಮಿಷ ಸಾಕು. ಕಾಗದದ ಮೇಲೆ ಉಳಿತಾಯ 14 ನಿಮಿಷ. ಆದರೆ 300 ಕಿಲೋಮೀಟರಿನ ದಾರಿಯಲ್ಲಿ ಜೆಟ್ ಪೂರ್ಣ ವೇಗಕ್ಕೆ ಬರುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಉಳಿಯುವ ಕೆಲವೇ ನಿಮಿಷಗಳನ್ನು ಸಾಮಾನಿನ ಬೆಲ್ಟಿನ ಮುಂದೆ ಕಾಯುತ್ತ ಕಳೆಯುತ್ತೇವೆ.

ಈ ಬಗೆಯ ವಿಮಾನಗಳಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ಎಟಿಆರ್. ಫ್ರಾನ್ಸ್ ಮತ್ತು ಇಟಲಿಯ ಕಂಪನಿಗಳು ಸೇರಿ 1981ರಲ್ಲಿ ಕಟ್ಟಿದ ಸಂಸ್ಥೆಯಿದು. ಎಟಿಆರ್ 42 ಮೊದಲು ಹಾರಿದ್ದು 1984ರಲ್ಲಿ, ಅದನ್ನೇ ಉದ್ದ ಮಾಡಿದ ಎಟಿಆರ್ 72 ಹಾರಿದ್ದು 1988ರಲ್ಲಿ. ಹೆಸರಿನ ಸಂಖ್ಯೆ ಹೆಚ್ಚುಕಡಿಮೆ ಸೀಟುಗಳ ಸಂಖ್ಯೆ.

ಕೆಲವು ವರ್ಷಗಳ ಹಿಂದೆ ಈ 72ರ ಬಳಿ ಸಾಲಿನಲ್ಲಿ ನಿಂತಿದ್ದೆ. ಎಡಗಡೆಯ ಹಿಂಬಾಗಿಲು ಕೆಳಕ್ಕೆ ತೆರೆದುಕೊಂಡು ಅದೇ ಮೆಟ್ಟಿಲಾಗಿತ್ತು. ಮುಂದಿನ ಬಾಗಿಲಿನಲ್ಲಿ ಪೆಟ್ಟಿಗೆಗಳನ್ನು ಒಳಗೆ ಎಸೆಯುತ್ತಿದ್ದರು. ಬಾಲದ ಅಡಿಯಲ್ಲಿ ಒಂದು ಕೋಲು ಆನಿಸಿಟ್ಟಿದ್ದರು. ಆಚೆ ಬದಿಯ ಎಂಜಿನ್ ಮೊರೆಯುತ್ತಿದೆ, ಆದರೆ ಅದರ ಪ್ರೊಪೆಲ್ಲರ್ ಅಲುಗಾಡದೆ ನಿಂತಿದೆ! ಪಕ್ಕದಲ್ಲಿದ್ದವರು ಕೆಟ್ಟುಹೋಗಿದೆ ಎಂದೇ ತೀರ್ಮಾನಿಸಿ ಮನೆಗೆ ಫೋನ್ ಮಾಡಲು ಶುರುಮಾಡಿದರು.

ಆ ದೃಶ್ಯದಲ್ಲಿ ಕಂಡ ಪ್ರತಿಯೊಂದೂ ಹಣ ಉಳಿಸುವ ಉಪಾಯ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ದೊಡ್ಡ ವಿಮಾನಗಳ ಬಾಲದಲ್ಲಿ ಒಂದು ಪುಟ್ಟ ಹೆಚ್ಚುವರಿ ಎಂಜಿನ್ ಇರುತ್ತದೆ. ನೆಲದ ಮೇಲಿರುವಾಗ ದೀಪಕ್ಕೆ, ತಂಪುಗಾಳಿಗೆ ಅದರಿಂದಲೇ ಶಕ್ತಿ. ಎಟಿಆರ್‌ನಲ್ಲಿ ಅದಿಲ್ಲ. ಅದರ ತೂಕವನ್ನೂ ರಿಪೇರಿಯ ಖರ್ಚನ್ನೂ ಉಳಿಸಲು ಬಲಗಡೆಯ ಎಂಜಿನ್ನಿನ ಪ್ರೊಪೆಲ್ಲರಿಗೆ ಬ್ರೇಕ್ ಹಾಕಿ, ಟರ್ಬೈನ್ ಮಾತ್ರ ತಿರುಗಲು ಬಿಡುತ್ತಾರೆ. ಇದರ ಹೆಸರು ‘ಹೋಟೆಲ್ ಮೋಡ್’. ಮೆಟ್ಟಿಲಾಗುವ ಬಾಗಿಲಿದ್ದರೆ ನಿಲ್ದಾಣದವರಿಂದ ಏಣಿ ಬಾಡಿಗೆಗೆ ತರುವುದು ತಪ್ಪುತ್ತದೆ. ಕೋಲು ಇರುವುದು ಎಲ್ಲರೂ ಹಿಂದಿನಿಂದಲೇ ಹತ್ತಿದಾಗ ಬಾಲ ಕುಸಿದು ಮೂಗು ಮೇಲೇಳದಂತೆ. ಹೀಗೆ ಉಳಿಸಿದ ಪುಡಿಗಾಸೆಲ್ಲ ದಿನಕ್ಕೆ ಎಂಟು ಬಾರಿ ಕೂಡುತ್ತದೆ. ಇಪ್ಪತ್ತೈದು ನಿಮಿಷದಲ್ಲಿ ಇಳಿಸಿ, ತುಂಬಿಸಿ ಮತ್ತೆ ಹೊರಟರೆ ಮಾತ್ರ ಆ ಎಂಟು ಸಾಧ್ಯ.

ಇಂಥ ವಿಮಾನ ಹೆಚ್ಚು ಅಲುಗಾಡುತ್ತದೆ ಎಂಬ ದೂರೂ ಇದೆ. ನಿಜವೇ. ಆದರೆ ಕಾರಣ ವಿಮಾನ ಹಳೆಯದೆಂದಲ್ಲ. ಜೆಟ್‌ಗಳು 35,000 ಅಡಿಯ ಆಚೀಚೆ, ಬಹುಪಾಲು ಮೋಡಗಳ ಮೇಲೆ ಸಾಗಿದರೆ ಎಟಿಆರ್ 25,000 ಅಡಿಗಿಂತ ಮೇಲೆ ಹೋಗುವುದಿಲ್ಲ. ಮೋಡ, ಗಾಳಿ, ಹಿಮ ಎಲ್ಲ ಇರುವುದು ಅಲ್ಲಿಯೇ.

ಇನ್ನು ಸೀಟುಗಳ ಸಂಖ್ಯೆ. ಅದನ್ನು ಗೊತ್ತುಮಾಡುವುದು ಎಂಜಿನಿಯರ್‌ಗಳಷ್ಟೇ ಅಲ್ಲ, ಕಾಯಿದೆಯೂ ಹೌದು. ಟ್ವಿನ್ ಆಟರ್, ಡೋರ್ನಿಯರ್ 228, ಬೀಚ್ 1900 ಈ ಮೂರೂ ಬೇರೆ ಬೇರೆ ದೇಶದ ವಿಮಾನಗಳು. ಮೂರರಲ್ಲೂ 19 ಸೀಟು. ಅಮೆರಿಕ, ಯುರೋಪುಗಳ ನಿಯಮದ ಪ್ರಕಾರ 19 ಸೀಟಿನವರೆಗೆ ಗಗನಸಖಿಯ ಅಗತ್ಯವಿಲ್ಲ. ಇಪ್ಪತ್ತನೆಯ ಸೀಟು ಹಾಕಿದೊಡನೆ ಒಬ್ಬರು ಸಂಬಳದ ಮೇಲೆ ಬರಬೇಕು. ಅಲ್ಲಿಂದ ಮುಂದೆ ಪ್ರತಿ 50 ಸೀಟಿಗೆ ಒಬ್ಬರು. ಐವತ್ತರ ಆಸುಪಾಸಿನಲ್ಲೂ ವಿಮಾನಗಳು ಗುಂಪುಗೂಡಿರುವುದಕ್ಕೆ ಇದೂ ಒಂದು ಕಾರಣ.

ಸೀಟು ಕಡಿಮೆಯಾದಷ್ಟೂ ಒಬ್ಬೊಬ್ಬ ಪ್ರಯಾಣಿಕನ ತೂಕ ಹೆಚ್ಚು, ಎರಡರ್ಥದಲ್ಲೂ. ಚಿಕ್ಕ ವಿಮಾನದಲ್ಲಿ ಪ್ರಯಾಣಿಕರನ್ನೇ ತಕ್ಕಡಿಯ ಮೇಲೆ ನಿಲ್ಲಿಸುವುದುಂಟು, ಸಮತೋಲಕ್ಕಾಗಿ ಮುಂದಿದ್ದವರನ್ನು ಹಿಂದಕ್ಕೆ ಕಳಿಸುವುದುಂಟು. ಬಿಸಿಲು ಜೋರಾಗಿದ್ದು ರನ್‌ವೇ ಎತ್ತರದ ಪ್ರದೇಶದಲ್ಲಿದ್ದರೆ ಗಾಳಿ ತೆಳುವಾಗಿ ರೆಕ್ಕೆಗೆ ಹಿಡಿತ ಸಾಲದು. ಆಗ ಕೆಲವು ಸೀಟುಗಳನ್ನು ಖಾಲಿ ಬಿಟ್ಟೇ ಹೊರಡಬೇಕಾಗುತ್ತದೆ. ಆದಾಯದಲ್ಲಿಯೂ ಅಷ್ಟೇ. 180 ಸೀಟಿನ ವಿಮಾನದಲ್ಲಿ ಮೂವರು ಬಾರದಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ, ನೂರಕ್ಕೆ ಎರಡೂ ಅಲ್ಲ. 19ರಲ್ಲಿ ಮೂವರು ತಪ್ಪಿಸಿಕೊಂಡರೆ ಆ ಹಾರಾಟದ ಆದಾಯದ ಆರನೆಯ ಒಂದು ಪಾಲೇ ಮಾಯ.

ಪ್ರಯಾಣಿಕರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ತಡ ಮತ್ತು ರದ್ದತಿ. ಬೆಳಿಗ್ಗೆ ಒಂದು ಊರಿನಲ್ಲಿ ಮಂಜು ಮುಸುಕಿ ವಿಮಾನ ನಲವತ್ತು ನಿಮಿಷ ತಡವಾಗಿ ಹೊರಟಿತು ಎಂದುಕೊಳ್ಳಿ. ಎರಡೂರಿಗೆ ಹೋಗಿ ಬರುವ ವಿಮಾನವಾಗಿದ್ದರೆ ಅಲ್ಲಿಗೆ ಮುಗಿಯಿತು. ಅದೇ ವಿಮಾನ ಅದೇ ದಿನ ಎಂಟು ನಿಲ್ದಾಣ ಮುಟ್ಟಬೇಕಾದರೆ ಆ ನಲವತ್ತು ನಿಮಿಷ ಪ್ರತಿ ಊರಿಗೂ ಪ್ರಯಾಣ ಮಾಡುತ್ತದೆ. ಇಪ್ಪತ್ತೈದು ನಿಮಿಷದ ನಿಲುಗಡೆಯಲ್ಲಿ ಅದನ್ನು ತುಂಬಿಕೊಳ್ಳಲು ಜಾಗವೇ ಇಲ್ಲ. ಸಂಜೆಯ ಹೊತ್ತಿಗೆ ಪೈಲಟ್‌ಗಳ ದುಡಿಮೆಯ ಮಿತಿ ಮುಗಿದಿರುತ್ತದೆ, ಅಥವಾ ಸಣ್ಣ ಊರಿನ ನಿಲ್ದಾಣ ಬಾಗಿಲು ಹಾಕುವ ಹೊತ್ತಾಗಿರುತ್ತದೆ. ಕೊನೆಯ ಹಾರಾಟ ರದ್ದು. ಅಲ್ಲಿ ಕಾಯುತ್ತಿರುವವರ ತಲೆಯ ಮೇಲೆ ನಿರ್ಮಲ ಆಕಾಶ; ‘ಹವಾಮಾನ ವೈಪರೀತ್ಯ’ ಎಂಬ ಪ್ರಕಟಣೆ ಅವರಿಗೆ ಹಸಿ ಸುಳ್ಳಿನಂತೆ ಕೇಳುತ್ತದೆ. ನಾನೂ ಒಮ್ಮೆ ಹಾಗೆ ಕೂತು, ಕೌಂಟರಿನಲ್ಲಿದ್ದ ಹುಡುಗಿಯನ್ನು ಗದರಿ, ಆಮೇಲೆ ನಾಚಿಕೊಂಡಿದ್ದೇನೆ.

ದೊಡ್ಡ ಸಂಸ್ಥೆಯಾದರೆ ಎಲ್ಲೋ ನಿಂತಿರುವ ಬೇರೊಂದು ವಿಮಾನವನ್ನು ಕರೆಸುತ್ತದೆ. ಐದೇ ವಿಮಾನಗಳಿರುವ ಸಂಸ್ಥೆ ಏನು ಮಾಡಬೇಕು? ಒಂದು ತಪಾಸಣೆಗೆಂದು ಹ್ಯಾಂಗರಿನಲ್ಲಿರುತ್ತದೆ. ಇನ್ನೊಂದನ್ನು ಆಪತ್ತಿಗೆಂದು ಸುಮ್ಮನೆ ನಿಲ್ಲಿಸಿಟ್ಟರೆ ಗುತ್ತಿಗೆಯ ಕಂತು ನಿಲ್ಲುವುದಿಲ್ಲ. ನಿಲ್ಲಿಸಿಡದಿದ್ದರೆ ಒಂದು ಬಿಡಿಭಾಗ ಕೈಕೊಟ್ಟ ದಿನ ಸಾಮರ್ಥ್ಯದ ಕಾಲುಭಾಗವೇ ಹೋಗುತ್ತದೆ. ಆ ಬಿಡಿಭಾಗವಾದರೂ ಬರಬೇಕಾದದ್ದು ಬೇರೊಂದು ದೇಶದಿಂದ, ಕೊಡಬೇಕಾದದ್ದು ಡಾಲರಿನಲ್ಲಿ. ದೇಶದೊಳಗೆ ಮಾತ್ರ ಹಾರುವ ಸಂಸ್ಥೆಗೆ ಟಿಕೆಟ್‌ನಿಂದ ಬರುವುದು ಸ್ಥಳೀಯ ಹಣ. ವಿಮಾನದ ಗುತ್ತಿಗೆ, ಎಂಜಿನ್ ರಿಪೇರಿ ಹೆಚ್ಚಾಗಿ ಡಾಲರ್ ಲೆಕ್ಕ. ತನ್ನ ದೇಶದ ಹಣ ಕುಸಿದರೆ, ಒಂದು ಸೀಟೂ ಖಾಲಿ ಬಿಡದೆ ಹಾರಿಸಿದರೂ ನಷ್ಟವಾಗಬಹುದು.

ಈ ಗಾಳಿಮಳೆಯಿಂದ ಪಾರಾಗಲು ಅಮೆರಿಕದಲ್ಲಿ ಒಂದು ದಾರಿ ಹುಡುಕಿಕೊಂಡರು. ಸಣ್ಣ ಸಂಸ್ಥೆ ವಿಮಾನವನ್ನು ದೊಡ್ಡ ಸಂಸ್ಥೆಯ ಬಣ್ಣ ಬಳಿದು, ಅದರ ಹೆಸರಿನಲ್ಲೇ ಹಾರಿಸುತ್ತದೆ. ಟಿಕೆಟ್ ಮಾರುವುದು, ದರ ನಿಗದಿ ಮಾಡುವುದು ದೊಡ್ಡವರ ಕೆಲಸ. ಸಣ್ಣವರಿಗೆ ಪ್ರತಿ ಹಾರಾಟಕ್ಕೆ ಇಂತಿಷ್ಟು ಎಂಬ ಕಟ್ಟುಗುತ್ತಿಗೆ, ಸೀಟು ತುಂಬಲಿ ಬಿಡಲಿ. ನೆಮ್ಮದಿಯ ವ್ಯವಸ್ಥೆಯೇ. ಆದರೆ ಲಾಭ ಹೆಚ್ಚಿಸಿಕೊಳ್ಳಲು ಉಳಿಯುವ ದಾರಿ ಒಂದೇ, ಖರ್ಚು ಹಿಂಡುವುದು.

2009ರ ಫೆಬ್ರವರಿ 12ರ ರಾತ್ರಿ ಅಮೆರಿಕದ ಬಫಲೋ ನಗರದ ಬಳಿ ಡ್ಯಾಶ್ 8 ಎಂಬ ಟರ್ಬೊಪ್ರಾಪ್ ವಿಮಾನವೊಂದು ಮನೆಯ ಮೇಲೆ ಬಿದ್ದು 50 ಮಂದಿ ಸತ್ತರು. ಟಿಕೆಟಿನ ಮೇಲಿದ್ದ ಹೆಸರು ಕಾಂಟಿನೆಂಟಲ್, ಹಾರಿಸುತ್ತಿದ್ದುದು ಕೋಲ್ಗನ್ ಏರ್. ವಿಮಾನ ವೇಗ ಕಳೆದುಕೊಂಡು ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಮಾಡಬೇಕಾದ್ದಕ್ಕೆ ವಿರುದ್ಧವಾಗಿ ನಡೆದುಕೊಂಡರೆಂದು ತನಿಖೆ ಹೇಳಿತು. ಅದರೊಂದಿಗೆ ಸಣ್ಣ ಸಂಸ್ಥೆಗಳ ಪೈಲಟ್‌ಗಳ ಸಂಬಳ, ದಣಿವು, ತರಬೇತಿ ಎಲ್ಲವೂ ಬಯಲಿಗೆ ಬಂತು. ಟಿಕೆಟ್ ಮಾರುವಾಗಲೇ ಹಾರಿಸುವವರು ಯಾರೆಂದು ತಿಳಿಸಬೇಕೆಂದು 2010ರಲ್ಲಿ ಕಾನೂನಾಯಿತು. 2013ರಿಂದ ಸಹ ಪೈಲಟ್ ಆಗಲೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟದ ಅನುಭವ ಕಡ್ಡಾಯವಾಯಿತು. ಸಣ್ಣ ಸಂಸ್ಥೆಗಳಿಗೆ ಪೈಲಟ್ ಸಿಗುವುದೇ ಕಷ್ಟವಾದದ್ದು ಆಗಿನಿಂದ. ಸಿಕ್ಕವರೂ ನಿಲ್ಲುವುದಿಲ್ಲ, ಅನುಭವ ಗಳಿಸಿ ದೊಡ್ಡ ಜೆಟ್‌ಗಳತ್ತ ಹೊರಡುತ್ತಾರೆ. ಸಣ್ಣ ಸಂಸ್ಥೆಯೆಂದರೆ ತನ್ನ ಖರ್ಚಿನಲ್ಲಿ ಬೇರೆಯವರಿಗೆ ಪೈಲಟ್‌ಗಳನ್ನು ತಯಾರಿಸಿ ಕೊಡುವ ಶಾಲೆ.

ಹಾಗಾದರೆ ಇವು ಬದುಕಿರುವುದು ಹೇಗೆ? ಬಹಳ ಕಡೆ ಸರ್ಕಾರದ ಆಸರೆಯಿಂದ. 1978ರಲ್ಲಿ ಅಮೆರಿಕ ವಿಮಾನಯಾನದ ಮೇಲಿನ ನಿಯಂತ್ರಣ ತೆಗೆದುಹಾಕಿತು. ಎಲ್ಲಿಗೆ ಬೇಕಾದರೂ ಹಾರಬಹುದು ಎಂದೊಡನೆ ಸಣ್ಣ ಊರುಗಳನ್ನು ಎಲ್ಲರೂ ಕೈಬಿಡುತ್ತಾರೆಂಬ ಅಂಜಿಕೆ ಹುಟ್ಟಿತು. ಆಗ ಅಂಥ ಊರುಗಳಿಗೆ ಹಾರುವವರಿಗೆ ಸಹಾಯಧನ ಕೊಡುವ ಯೋಜನೆ ಬಂತು, ಇಂದಿಗೂ ಇದೆ. ಯುರೋಪಿನಲ್ಲಿ ಸರ್ಕಾರ ಒಂದು ಮಾರ್ಗವನ್ನು ಸಾರ್ವಜನಿಕ ಸೇವೆಯೆಂದು ಘೋಷಿಸಿ, ಟೆಂಡರ್ ಕರೆದು, ಸಾಮಾನ್ಯವಾಗಿ ನಾಲ್ಕು ವರ್ಷದವರೆಗೆ ಒಬ್ಬರಿಗೇ ಬಿಟ್ಟುಕೊಡಬಹುದು. ಭಾರತದ ಉಡಾನ್ ಯೋಜನೆಯಲ್ಲೂ ಮೂರು ವರ್ಷ ಒಬ್ಬರಿಗೇ ಹಕ್ಕು. ಅದರ ಮೊದಲ ವಿಮಾನ ಶಿಮ್ಲಾ ಮತ್ತು ದೆಹಲಿಯ ನಡುವೆ ಹಾರಿದ್ದು 2017ರ ಏಪ್ರಿಲ್ 27ರಂದು. ನಾರ್ವೆಯ ವಿಡರೋ ಸಂಸ್ಥೆ 1934ರಷ್ಟು ಹಳೆಯದು. ಕಡಲು ಒಳನುಗ್ಗಿದ ಕಣಿವೆಗಳ ನಡುವಿನ ಸುಮಾರು 800 ಮೀಟರಿನ ರನ್‌ವೇಗಳಲ್ಲಿ ಅದು ಡ್ಯಾಶ್ 8 ವಿಮಾನಗಳನ್ನು ಇಳಿಸುತ್ತದೆ.

ಸಹಾಯಧನವೆಂದರೆ ಪೋಲು ಎನ್ನುವವರಿಗೆ ಪೂರ್ತಿ ಒಪ್ಪಿಗೆ ಕೊಡಲು ನನಗೆ ಮನಸ್ಸಿಲ್ಲ. ಕಣಿವೆಯ ಆಚೆಗೆ ರಸ್ತೆಯಲ್ಲಿ ದಿನವಿಡೀ ಪ್ರಯಾಣ ಮಾಡಬೇಕಾದ ಊರಿಗೆ ವಿಮಾನ ಬಿಡುವುದು, ಸೇತುವೆ ಕಟ್ಟುವುದಕ್ಕಿಂತ ಅಗ್ಗವಾಗಬಹುದು. ಆದರೆ ಒಳ್ಳೆಯ ರೈಲು ಇರುವ ಕಡೆ ಅದೇ ವಾದ ನಿಲ್ಲುವುದಿಲ್ಲ. ಫ್ರಾನ್ಸ್ 2023ರಲ್ಲಿ, ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ತಲುಪಬಹುದಾದ ಕೆಲವು ದೇಶೀಯ ಹಾರಾಟಗಳನ್ನು ನಿಷೇಧಿಸಿತು. ಸಣ್ಣ ಸಂಸ್ಥೆಯ ನಿಜವಾದ ನೆಲೆ ನಡುವೆ ನೀರೋ ಬೆಟ್ಟವೋ ಇರುವ ಕಡೆ. ಬಯಲಿನಲ್ಲಿ ಅದರ ಎದುರಾಳಿ ಬೇರೊಂದು ವಿಮಾನವಲ್ಲ, ಹೊಸ ಹೆದ್ದಾರಿ.

ಸಹಾಯಧನದ ಅವಧಿ ಮುಗಿದ ಮೇಲೆ ಬರುವ ಇಕ್ಕಟ್ಟು ಇನ್ನೊಂದು. ಮಾರ್ಗ ಸೋತರೆ ಸಂಸ್ಥೆ ಹೊರಡಬೇಕು. ಗೆದ್ದರೆ? ದಿನಕ್ಕೆ ಇನ್ನೂರು ಮಂದಿ ಓಡಾಡುವಷ್ಟು ಮಾರ್ಗ ಬೆಳೆದ ದಿನ, ದೊಡ್ಡ ಸಂಸ್ಥೆ 180 ಸೀಟಿನ ಜೆಟ್ ತಂದು ನಿಲ್ಲಿಸುತ್ತದೆ. ತುಂಬಿದ ದೊಡ್ಡ ವಿಮಾನದಲ್ಲಿ ಸೀಟೊಂದರ ಖರ್ಚು ಯಾವಾಗಲೂ ಕಡಿಮೆ. ವರ್ಷಗಟ್ಟಲೆ ಮಾರುಕಟ್ಟೆ ಬೆಳೆಸಿದವರು ಹೊರಗೆ ನಿಂತು ನೋಡಬೇಕು. ಬ್ರಿಟನ್ನಿನ ಫ್ಲೈಬಿ ಯುರೋಪಿನ ದೊಡ್ಡ ಪ್ರಾದೇಶಿಕ ಸಂಸ್ಥೆಗಳಲ್ಲಿ ಒಂದಾಗಿತ್ತು. 2020ರ ಮಾರ್ಚ್‌ನಲ್ಲಿ ಮುಚ್ಚಿತು. 2022ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ಹಾರಿ 2023ರ ಜನವರಿಯಲ್ಲಿ ಎರಡನೆಯ ಬಾರಿ ಮುಚ್ಚಿತು.

ಈಗ ಕೆಲವರ ಕಣ್ಣು ಬ್ಯಾಟರಿಯ ಮೇಲಿದೆ. 2019ರ ಡಿಸೆಂಬರ್ 10ರಂದು ಕೆನಡಾದ ಹಾರ್ಬರ್ ಏರ್ ಎಂಬ ಸಂಸ್ಥೆ, ನೀರಿನ ಮೇಲಿಳಿಯುವ ತನ್ನ ಹಳೆಯ ಬೀವರ್ ವಿಮಾನಕ್ಕೆ ವಿದ್ಯುತ್ ಮೋಟಾರ್ ಕೂರಿಸಿ ವ್ಯಾಂಕೂವರ್ ಬಳಿ ಕೆಲವು ನಿಮಿಷ ಹಾರಿಸಿತು. ದೂರ ಕಡಿಮೆಯಿರುವ ಮಾರ್ಗಗಳಿಗೆ ಬ್ಯಾಟರಿ ಒಗ್ಗುತ್ತದೆ ಎಂಬುದು ಮೇಲ್ನೋಟಕ್ಕೆ ಸರಿ. ಆದರೆ ಪೆಟ್ರೋಲು ಉರಿದಂತೆಲ್ಲ ವಿಮಾನ ಹಗುರವಾಗುತ್ತದೆ, ಬ್ಯಾಟರಿ ಖಾಲಿಯಾದರೂ ಹೊತ್ತ ತೂಕ ಅಷ್ಟೇ. ಇನ್ನೊಂದು ತೊಡಕು ಕಾಯಿದೆಯದು. ಇಳಿಯಬೇಕಾದ ಜಾಗದಲ್ಲಿ ಇಳಿಯಲಾಗದೆ ಹೋದರೆ ಎಂದು ಅರ್ಧ ಗಂಟೆಗೋ ಮುಕ್ಕಾಲು ಗಂಟೆಗೋ ಆಗುವಷ್ಟು ಮೀಸಲು ಶಕ್ತಿಯನ್ನು ಪ್ರತಿ ವಿಮಾನವೂ ಹೊತ್ತೊಯ್ಯಬೇಕು. ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಹೋಗುವ ಪುಟ್ಟ ವಿಮಾನವೂ ಅಷ್ಟೇ. ಅದಕ್ಕೆ ಹಾರಲು ಬೇಕಾದದ್ದು ಎರಡು ನಿಮಿಷದ ಇಂಧನ, ಉಳಿದದ್ದೆಲ್ಲ ಬಳಸದೆ ವಾಪಸು ತರಬೇಕಾದ ಇಂಧನ.